ಡಿಗ್ರಿಗೆ ಅರ್ಜಿ ಎಲ್ಲಿ ಹಾಕಬೇಕು?

ಪ್ರಶ್ನೆ: ಪಿಯುಸಿ ಪಾಸಾಗಿದೆ. ಕುಷ್ಟಗಿಯಲ್ಲೇ ಬಿಎ ಓದುವ ಆಸೆ. ಅರ್ಜಿ ಹಾಕಲು ಕೊಪ್ಪಳ ವಿಶ್ವವಿದ್ಯಾಲಯಕ್ಕೇ ಹೋಗಬೇಕೆ?

ಉತ್ತರ: ಬೇಡ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲಿಯವರಾದರೂ ಸೇರುವುದು ಕಾಲೇಜಿಗೆ, ಅರ್ಜಿ ರಾಜ್ಯ ಸರ್ಕಾರದ ಯುಯುಸಿಎಂಎಸ್ ಆನ್‌ಲೈನ್ ಪೋರ್ಟಲ್‌ನಲ್ಲಿ. ಮೊದಲು ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಈ ಭಾಗಕ್ಕೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು.

ಅರ್ಜಿಗಿಂತ ದಾಖಲೆಯೇ ಹೆಚ್ಚು ಕಾಡುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದ್ದು ಆಧಾರ್‌ನಲ್ಲಿ ಮುಂದಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ; ಸ್ಕಾಲರ್‌ಶಿಪ್ ಹೊತ್ತಿಗೆ ಅದೇ ತೊಡಕಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಬಿಎಗೆ ಅದರ ಅಗತ್ಯ ಬೀಳದಿದ್ದರೂ ಮುಂದೆ ಬಿಇಡಿ, ನೌಕರಿ ಎಂದಾಗ ಬೇಕು. ಈಗಲೇ ಮಾಡಿಸಿಡಿ.