ದೇಹದ ಚೇತರಿಕೆ, ಮಾನದ ಚೇತರಿಕೆ

ಗೆದ್ದವರನ್ನು ಹೊತ್ತು ಮೆರೆಯಿಸುವುದರಲ್ಲಿಯೂ ಬಿದ್ದವರನ್ನು ತುಳಿಯುವುದರಲ್ಲಿಯೂ ಲೋಕವು ಒಂದೇ ಬಗೆಯ ಉತ್ಸಾಹವನ್ನು ತೋರಿಸುವುದು. ಕ್ರೀಡೆಯ ವಿಷಯದಲ್ಲಂತೂ ಈ ಸ್ವಭಾವವು ಎದ್ದು ಕಾಣುತ್ತದೆ. ತಿಪಟೂರಿನ ಕೊಬ್ಬರಿ ಮಂಡಿಯ ಜಗಲಿಯಲ್ಲಾಗಲಿ, ತುರುವೇಕೆರೆಯ ಕಾಫಿ ಹೋಟಲಿನ ಬೆಂಚಿನ ಮೇಲಾಗಲಿ, ಚಿಕ್ಕನಾಯಕನಹಳ್ಳಿಯ ಬಸ್ ನಿಲ್ದಾಣದಲ್ಲಾಗಲಿ, ತರುಣರ ಮಾತು ಕ್ರಿಕೆಟ್ಟನ್ನು ಬಿಟ್ಟು ಓಟದ ಕಡೆಗೋ ಸೈಕಲ್ ಪಂದ್ಯದ ಕಡೆಗೋ ಹೊರಳಿತೆಂದರೆ ಒಂದು ಪ್ರಶ್ನೆ ತಪ್ಪದೆ ಏಳುವುದು: ಇಷ್ಟು ವೇಗವು ಮೈಯ ಬಲವೋ, ಮದ್ದಿನ ಬಲವೋ? ಎಲ್ಲರೂ ಕಳ್ಳರೇ ಎಂದು ಒಬ್ಬನು ಹೇಳುವನು. ನಮ್ಮವರ ಏಳಿಗೆಯನ್ನು ಕಂಡು ಹೊಟ್ಟೆಕಿಚ್ಚು ಎಂದು ಮತ್ತೊಬ್ಬನು ಹೇಳುವನು. ಲೋಟದ ಕಾಫಿ ಆರುವುದರೊಳಗಾಗಿ ತೀರ್ಪು ಮುಗಿದಿರುತ್ತದೆ. ಆದರೆ ಆ ತೀರ್ಪಿನ ಭಾರವನ್ನು ಹೊರತಕ್ಕವರು ಮಾತ್ರ ಬೇರೆಯವರು.

ಈ ಪ್ರಶ್ನೆಯು ನಮಗೆ ದೂರದ್ದಲ್ಲ. ನಮ್ಮ ರಾಜ್ಯದ ಮಗಳೊಬ್ಬಳ ಜೀವನದಲ್ಲಿಯೇ ಅದು ನಡೆದುಹೋಗಿದೆ. ಕುಂದಾಪುರದ ಸೀಮೆಯ ಸಿದ್ದಾಪುರದ ಕಡೆಯಿಂದ ಬಂದ ಅಶ್ವಿನಿ ಅಕ್ಕುಂಜಿಯವರ ಹೆಸರನ್ನು 2010ರ ಕೊನೆಯಲ್ಲಿ ಕೇಳದಿದ್ದ ಕನ್ನಡಿಗರು ವಿರಳ. ಆ ವರ್ಷದ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಇವರೊಡನೆ ಆಕೆ ನಾಲ್ಕು ನಾನೂರು ಮೀಟರ್ ರಿಲೇ ಓಟದಲ್ಲಿ ಚಿನ್ನವನ್ನು ಗೆದ್ದರು. ಮರುತಿಂಗಳು ಚೀನಾದ ಗುವಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡುಗಳಲ್ಲಿ ಮುಗಿಸಿ ಒಂದು ಚಿನ್ನವನ್ನೂ, ರಿಲೇಯಲ್ಲಿ ಇನ್ನೊಂದನ್ನೂ ತಂದರು. ಹಳ್ಳಿಯ ರೈತ ಕುಟುಂಬದ ಹೆಣ್ಣುಮಗಳು ಎರಡು ತಿಂಗಳಲ್ಲಿ ಮೂರು ಚಿನ್ನಗಳನ್ನು ಗೆದ್ದುದನ್ನು ಕಂಡು ನಾಡು ಹಿಗ್ಗಿದುದು ಸಹಜವೇ ಆಗಿತ್ತು.

ಎಂಟೇ ತಿಂಗಳು ಕಳೆದುವು. 2011ರ ಬೇಸಗೆಯ ಕೊನೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಭಾರತದ ಆರು ಮಂದಿ ಓಟಗಾರ್ತಿಯರ ಮೂತ್ರದ ಮಾದರಿಗಳಲ್ಲಿ ಸ್ನಾಯುಗಳನ್ನು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್ ಕಂಡುಬಂದಿತು. ದೆಹಲಿಯಲ್ಲಿ ಚಿನ್ನ ಗೆದ್ದ ನಾಲ್ವರ ಪೈಕಿ ಮೂವರು ಈ ಆರು ಮಂದಿಯಲ್ಲಿ ಸೇರಿದ್ದರು. ಅವರಲ್ಲಿ ಅಶ್ವಿನಿಯವರೂ ಒಬ್ಬರು. ಉಕ್ರೇನ್ ದೇಶದ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆಯಲಾಯಿತು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಗುಳಿಗೆಗಳನ್ನು ನಂಬಿ ನುಂಗಿದೆವು, ಅದರಲ್ಲಿ ಮದ್ದು ಬೆರೆತಿರುವುದು ತಮಗೆ ತಿಳಿಯದು ಎಂಬುದು ಓಟಗಾರ್ತಿಯರ ವಾದವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ದೇಶದ ಶಿಸ್ತು ಮಂಡಳಿಯು ಈ ವಾದಕ್ಕೆ ಸ್ವಲ್ಪ ಮನ್ನಣೆಯನ್ನು ಕೊಟ್ಟು ಒಂದು ವರ್ಷದ ನಿಷೇಧವನ್ನು ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಇದನ್ನು ಒಪ್ಪದೆ ಮೇಲ್ಮನವಿಗೆ ಹೋಯಿತು. 2012ರ ಜುಲೈನಲ್ಲಿ ಕ್ರೀಡಾ ವ್ಯಾಜ್ಯಗಳ ಅಂತರರಾಷ್ಟ್ರೀಯ ನ್ಯಾಯಾಲಯವು ಶಿಕ್ಷೆಯನ್ನು ಎರಡು ವರ್ಷಗಳಿಗೆ ಏರಿಸಿತು. ಲಂಡನ್ ಒಲಿಂಪಿಕ್ಸಿನ ಬಾಗಿಲು ಮುಚ್ಚಿಹೋಯಿತು. ಬಾಯಿಗೆ ಹಾಕಿಕೊಳ್ಳುವ ವಸ್ತುವಿನಲ್ಲಿ ಏನಿದೆಯೆಂದು ವಿಚಾರಿಸತಕ್ಕ ಹೊಣೆಯು ಕೊಟ್ಟವರದಷ್ಟೇ ಅಲ್ಲ, ನುಂಗಿದವರದೂ ಹೌದು ಎಂಬುದೇ ಕ್ರೀಡಾಲೋಕದ ಧರ್ಮಶಾಸ್ತ್ರ.

ಆಗ ನಾಡಿನಲ್ಲಿ ಎರಡು ಪಕ್ಷಗಳಾದುವು. ಪರದೇಶದ ತರಬೇತುದಾರನ ಮಾತನ್ನು ಮೀರಲು ಶಿಬಿರದಲ್ಲಿರುವ ಹುಡುಗಿಗೆ ಎಲ್ಲಿಯ ಧೈರ್ಯ, ಕೊಟ್ಟವನನ್ನು ಬಿಟ್ಟು ತಿಂದವಳನ್ನು ಶಿಕ್ಷಿಸುವುದು ನ್ಯಾಯವೆ ಎಂದು ಒಂದು ಪಕ್ಷವು ಕೇಳಿತು. ಆರು ಮಂದಿ ಒಟ್ಟಿಗೆ ಸಿಕ್ಕಿಬಿದ್ದಿರುವಾಗ ಅಜ್ಞಾನದ ಮಾತನ್ನು ನಂಬುವುದೆಂತು, 2010ರ ಚಿನ್ನಗಳೂ ಇದೇ ಬಗೆಯವಲ್ಲವೆ ಎಂದು ಇನ್ನೊಂದು ಪಕ್ಷವು ಕೇಳಿತು. ಮೊದಲನೆಯ ವಾದದಲ್ಲಿ ಕರುಣೆಯೂ ಸ್ವಲ್ಪ ಸತ್ಯವೂ ಉಂಟು. ಆದರೆ ಅದು ಆಟಗಾರರನ್ನು ಬುದ್ಧಿಯಿಲ್ಲದ ಕೂಸುಗಳೆಂದು ಎಣಿಸುತ್ತದೆ. ಎರಡನೆಯದರಲ್ಲಿ ಎಚ್ಚರವುಂಟು, ಆದರೆ ಅದು ಸಿಕ್ಕ ಪುರಾವೆಯನ್ನು ಸಿಕ್ಕದ ಕಾಲಕ್ಕೂ ಹಿಗ್ಗಿಸುತ್ತದೆ. 2010ರ ಆ ಪದಕಗಳನ್ನು ಯಾವ ಸಂಸ್ಥೆಯೂ ಹಿಂದಕ್ಕೆ ತೆಗೆದುಕೊಂಡಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹಾಗಾದರೆ ನೋಡುವವರಾದ ನಾವು ನಂಬಬೇಕೋ, ಸಂದೇಹಪಡಬೇಕೋ? ಇದಕ್ಕೆ ಉತ್ತರವನ್ನು ಅರಸುವವರು ಸೈಕಲ್ ಪಂದ್ಯಗಳ ಚರಿತ್ರೆಯನ್ನು ನೋಡುವುದು ಲೇಸು. ನಮ್ಮ ರಾಜ್ಯದಲ್ಲಿ ವಿಜಯಪುರ, ಬಾಗಲಕೋಟೆಗಳ ಕಡೆಯು ಸೈಕಲ್ ಪಟುಗಳ ತವರೆಂದು ಹೆಸರಾಗಿದೆ. ಆದರೆ ಈ ವಿದ್ಯೆಯ ದೊಡ್ಡ ಕಣವು ಯೂರೋಪಿನಲ್ಲಿರುವುದು. 1903ರಲ್ಲಿ ಆರಂಭವಾದ ‘ಟೂರ್ ಡಿ ಫ್ರಾನ್ಸ್’ ಪಂದ್ಯದಲ್ಲಿ ಸವಾರರು ಮೂರು ವಾರಗಳಲ್ಲಿ ಸುಮಾರು 3,400 ಕಿಲೋಮೀಟರು ದಾರಿಯನ್ನು, ಆಲ್ಪ್ಸ್, ಪಿರನೀಸ್ ಪರ್ವತಗಳ ಏರುಗಳೊಡನೆ, ತುಳಿಯತಕ್ಕದ್ದು. ಇಲ್ಲಿ ಒಂದು ದಿನ ವೇಗವಾಗಿ ಹೋಗುವುದು ದೊಡ್ಡದಲ್ಲ. ಸಂಜೆ ಸೋತು ಕುಸಿದ ಮೈಯು ಬೆಳಗಾಗುವುದರೊಳಗೆ ಮತ್ತೆ ಸಿದ್ಧವಾಗಬೇಕು. ಈ ಚೇತರಿಕೆಯೇ ಪಂದ್ಯದ ಗುಟ್ಟು. ಮದ್ದು ನುಸುಳಿದುದೂ ಈ ಕಿಂಡಿಯಿಂದಲೇ. ಬಳಲಿಕೆಯನ್ನು ಮರೆಯಿಸುವ ಆಂಫೆಟಮಿನ್ ಒಂದು ಕಾಲದ ಮದ್ದು. ಅದನ್ನು ಸೇವಿಸಿದ್ದ ಇಂಗ್ಲೆಂಡಿನ ಟಾಮ್ ಸಿಂಪ್ಸನ್ 1967ರ ಜುಲೈ 13ರಂದು ಮೌಂಟ್ ವಾಂಟೂ ಬೆಟ್ಟದ ಬಿಸಿಲಿನಲ್ಲಿ ಸೈಕಲ್ಲಿನಿಂದ ಬಿದ್ದು ಪ್ರಾಣಬಿಟ್ಟನು. ಮುಂದೆ ಬಂದುದು ಇಪಿಓ. ರಕ್ತದ ಕೆಂಪು ಕಣಗಳನ್ನು ಹೆಚ್ಚಿಸಿ ಸ್ನಾಯುಗಳಿಗೆ ಹೆಚ್ಚು ಪ್ರಾಣವಾಯುವನ್ನು ಒದಗಿಸುವುದು ಅದರ ಕೆಲಸ. ಅದನ್ನು ನೇರವಾಗಿ ಕಂಡುಹಿಡಿಯುವ ಪರೀಕ್ಷೆಯಿಲ್ಲದ ಕಾಲದಲ್ಲಿ, 1997ರಿಂದ, ಕೆಂಪು ಕಣಗಳ ಪ್ರಮಾಣವು ಶೇಕಡಾ 50ನ್ನು ಮೀರಿದ ಸವಾರನನ್ನು ಆರೋಗ್ಯದ ಹೆಸರಿನಲ್ಲಿ ಪಂದ್ಯದಿಂದ ಹೊರಗಿಡುತ್ತಿದ್ದರು.

ಈ ನಿಯಮಕ್ಕೆ ಸಿಕ್ಕಿದವನು ಇಟಲಿಯ ಮಾರ್ಕೊ ಪಾಂತಾನಿ. 1995ರಲ್ಲಿ ಅಪಘಾತದಲ್ಲಿ ಕಾಲು ಮುರಿದುಕೊಂಡರೂ ಚೇತರಿಸಿಕೊಂಡು, 1998ರಲ್ಲಿ ಇಟಲಿ ಮತ್ತು ಫ್ರಾನ್ಸುಗಳ ಎರಡು ಮಹಾ ಪಂದ್ಯಗಳನ್ನೂ ಒಂದೇ ವರ್ಷದಲ್ಲಿ ಗೆದ್ದ ವೀರನೀತನು. 1999ರ ಜೂನ್ 5ರಂದು, ಇಟಲಿಯ ಪಂದ್ಯವು ಇನ್ನೇನು ಮುಗಿಯಬೇಕು, ಆತನೇ ಮುಂದಿದ್ದಾನೆ, ಎನ್ನುವಾಗ ರಕ್ತದ ಪ್ರಮಾಣವು ಶೇಕಡಾ 52 ಎಂದು ಬಂದು ಹೊರಗೆ ಹೋಗಬೇಕಾಯಿತು. ನಿಯಮದ ಪ್ರಕಾರ ಅದು ಹದಿನೈದು ದಿನಗಳ ಮಾತು. ಆದರೆ ಜನರ ಬಾಯಲ್ಲಿ ಅದು ಜನ್ಮದ ಶಿಕ್ಷೆಯಾಯಿತು. ಮುರಿದ ಕಾಲು ಕೂಡಿಕೊಂಡಿತ್ತು. ಮುರಿದ ಆತ್ಮವಿಶ್ವಾಸವು ಕೂಡಿಕೊಳ್ಳಲಿಲ್ಲ. 2004ರ ಫೆಬ್ರವರಿ 14ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ರಿಮಿನಿ ಪಟ್ಟಣದ ಹೋಟಲೊಂದರ ಕೋಣೆಯಲ್ಲಿ ಆತನು ಒಬ್ಬನೇ ಸತ್ತುಬಿದ್ದಿದ್ದನು. ಕೊಕೇನ್ ಆತನನ್ನು ನುಂಗಿತ್ತು. 1998ರ ಮಾದರಿಗಳನ್ನು ಬಹುಕಾಲದ ಮೇಲೆ ಪರೀಕ್ಷಿಸಿದಾಗ ಇಪಿಓ ಕಂಡುಬಂದಿತ್ತೆಂದು ಫ್ರಾನ್ಸಿನ ಸೆನೆಟ್ ಸಮಿತಿಯ ವರದಿಯು 2013ರಲ್ಲಿ ಬಯಲುಮಾಡಿತು. ಸಂದೇಹವು ನಿಜವೇ ಆಗಿತ್ತು. ಆದರೂ ತಪ್ಪಿಗೆ ಅಳತೆಯುಳ್ಳ ಶಿಕ್ಷೆಯಾಗಿ, ಹಿಂದಿರುಗುವ ದಾರಿಯಿದ್ದಿದ್ದರೆ ಆ ಮನುಷ್ಯನು ಉಳಿಯುತ್ತಿದ್ದನೋ ಏನೋ!

ಇದಕ್ಕೆ ವಿರುದ್ಧವಾದುದು ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಕಥೆ. 1996ರಲ್ಲಿ ಕ್ಯಾನ್ಸರ್ ರೋಗಕ್ಕೆ ತುತ್ತಾಗಿ, ಸಾವಿನ ಬಾಯಿಂದ ಹಿಂದಿರುಗಿ, 1999ರಿಂದ 2005ರ ವರೆಗೆ ಏಳು ಸಲ ಫ್ರಾನ್ಸಿನ ಪಂದ್ಯವನ್ನು ಗೆದ್ದನೆಂದು ಲೋಕವು ಕೊಂಡಾಡಿತು. ಇಷ್ಟು ದೊಡ್ಡ ಚೇತರಿಕೆಯನ್ನು ಸಂದೇಹಿಸುವುದು ರೋಗಿಗಳಿಗೆಲ್ಲ ಮಾಡಿದ ಅಪಚಾರವೆಂದು ಅಭಿಮಾನಿಗಳು ಕೆರಳಿದರು. ಸಂದೇಹವನ್ನು ಅಚ್ಚುಹಾಕಿದ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯು 2006ರಲ್ಲಿ ಆತನೊಡನೆ ರಾಜಿಯಾಗಿ ಹಣ ತೆರಬೇಕಾಯಿತು. 2012ರಲ್ಲಿ ಜೊತೆಯ ಸವಾರರ ಪ್ರಮಾಣವಚನದ ಸಾಕ್ಷ್ಯಗಳು ಹೊರಬಂದು ಏಳು ಪ್ರಶಸ್ತಿಗಳೂ ರದ್ದಾದುವು. 2013ರ ಜನವರಿಯಲ್ಲಿ ಆತನೇ ತಪ್ಪೊಪ್ಪಿಕೊಂಡನು. ಕುರುಡು ನಂಬಿಕೆಯು ಕಳ್ಳನಿಗೆ ಎಷ್ಟು ಗಟ್ಟಿಯಾದ ಕೋಟೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ.

ಇನ್ನು ಮೂರನೆಯದು. ಬ್ರಿಟನ್ನಿನ ಪರವಾಗಿ ಸವಾರಿ ಮಾಡುತ್ತಿದ್ದ ಕ್ರಿಸ್ ಫ್ರೂಮ್ ಉಬ್ಬಸಕ್ಕಾಗಿ ಸಾಲ್ಬುಟಮಾಲ್ ಔಷಧವನ್ನು ಸೇದುತ್ತಿದ್ದನು. 2017ರ ಸೆಪ್ಟೆಂಬರಿನ ಮಾದರಿಯಲ್ಲಿ ಅದರ ಪ್ರಮಾಣವು ಮಿತಿಯ ಎರಡರಷ್ಟು ಕಂಡಿತು. ವಿಚಾರಣೆ ಮುಗಿಯುವ ಮೊದಲೇ ಸುದ್ದಿಯು ಪತ್ರಿಕೆಗಳಿಗೆ ಸೋರಿತು. 2018ರ ಜುಲೈನಲ್ಲಿ ತಪ್ಪಿಲ್ಲವೆಂದು ತೀರ್ಮಾನವಾಯಿತಾದರೂ, ಕೆಲವೇ ದಿನಗಳಲ್ಲಿ ಆರಂಭವಾದ ಫ್ರಾನ್ಸಿನ ಪಂದ್ಯದಲ್ಲಿ ದಾರಿಬದಿಯ ಜನರು ಆತನನ್ನು ಕಂಡು ಕೂಗಿ ಹೀಯಾಳಿಸಿದರು. ನ್ಯಾಯಸ್ಥಾನವು ಬಿಟ್ಟರೂ ಜನರು ಬಿಡಲಿಲ್ಲ.

ಈ ಮೂರು ಕಥೆಗಳಿಂದ ತಿಳಿಯುವುದೇನು? ಅಭಿಮಾನವು ಒಮ್ಮೆ ಮೋಸಹೋಯಿತು, ಸಂದೇಹವು ಒಮ್ಮೆ ಕ್ರೂರವಾಯಿತು, ತೀರ್ಪು ಬಂದಮೇಲೂ ಒಮ್ಮೆ ಜನರ ಬಾಯಿ ಮುಚ್ಚಲಿಲ್ಲ. ನೋಡುವವನ ಕಣ್ಣಿಗೆ ಮೈಯೊಳಗಿನ ಮದ್ದು ಕಾಣುವುದಿಲ್ಲ. ಮುಖದ ಮುಗ್ಧತೆಯೂ ಪುರಾವೆಯಲ್ಲ, ಕಾಲಿನ ವೇಗವೂ ಪುರಾವೆಯಲ್ಲ. ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಅಲುಗಿಸಿ ಒಳಗಿನ ಸದ್ದನ್ನು ಕೇಳಿ, ಆಮೇಲೆ ಸುಲಿದು ಒಡೆಯುವವರು ನಾವು. ಹೊರಗಿನ ಬಣ್ಣವನ್ನು ನೋಡಿ ಬೆಲೆ ಕಟ್ಟುವವನನ್ನು ಮಂಡಿಯಲ್ಲಿ ಯಾರೂ ಬುದ್ಧಿವಂತನೆನ್ನರು. ಗಂಧಕದ ಹೊಗೆ ಹಾಕಿದರೆ ಕೊಬ್ಬರಿಯು ಬೆಳ್ಳಗಾಗುವುದು ನಿಜ. ಹಾಗೆಂದು ಬೆಳ್ಳಗಿರುವ ಕೊಬ್ಬರಿಗೆಲ್ಲ ಹೊಗೆ ಹಾಕಿದೆಯೆಂದು ನಾವು ಹೇಳುತ್ತೇವೆಯೆ?

ಆದುದರಿಂದ ಪರೀಕ್ಷೆಯ ಕೆಲಸವನ್ನು ಪರೀಕ್ಷೆ ಮಾಡತಕ್ಕವರಿಗೆ ಬಿಡಬೇಕು. ಅದು ಚೆನ್ನಾಗಿ ನಡೆಯುವಂತೆ ಮಾತ್ರ ನಾವು ಒತ್ತಾಯಪಡಿಸಬೇಕು. ಒಂದೇ ಮಾದರಿಯನ್ನು ಎರಡು ಸೀಸೆಗಳಿಗೆ ಹಂಚಿ, ಮೊದಲನೆಯದರಲ್ಲಿ ಮದ್ದು ಕಂಡರೆ ಎರಡನೆಯದನ್ನು ತೆರೆಯಿಸುವ ಹಕ್ಕನ್ನು ಆಟಗಾರನಿಗೆ ಕೊಟ್ಟಿದೆ. ಸೈಕಲ್ ಲೋಕದಲ್ಲಿ 2008ರಿಂದ ಪ್ರತಿಯೊಬ್ಬ ಪ್ರಮುಖ ಸವಾರನ ರಕ್ತದ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟು, ಏರುಪೇರುಗಳನ್ನು ಗಮನಿಸುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ಉದ್ದೀಪನ ಮದ್ದಿನ ತಡೆಗೆ ಪ್ರತ್ಯೇಕ ಕಾನೂನೇ ಆಯಿತು. ಆದರೂ 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5,000ಕ್ಕೆ ಮೇಲ್ಪಟ್ಟ ಮಾದರಿಗಳಲ್ಲಿ 200ಕ್ಕಿಂತ ಹೆಚ್ಚಿನವು ಕೆಟ್ಟವೆಂದು ಬಂದುವು. ಹೆಚ್ಚು ಪರೀಕ್ಷೆ ನಡೆಸುವ ರಾಷ್ಟ್ರಗಳ ಸಾಲಿನಲ್ಲಿ ಇದು ತಲೆತಗ್ಗಿಸತಕ್ಕ ಪ್ರಮಾಣ. ಈ ರೋಗವು ಒಬ್ಬಿಬ್ಬರ ದುರ್ಗುಣವಲ್ಲ. ಕೊಡುವ ಕೈಗಳೂ ನೋಡಿಯೂ ನೋಡದ ಕಣ್ಣುಗಳೂ ಅನೇಕವಾಗಿವೆಯೆಂದೇ ಇದರ ಅರ್ಥ. ಓಡಿದವರಿಗೆ ಎರಡು ವರ್ಷಗಳ ಶಿಕ್ಷೆಯಾಗುವಲ್ಲಿ, ಗುಳಿಗೆಯ ಸೀಸೆಯು ಶಿಬಿರದೊಳಕ್ಕೆ ಬಂದ ದಾರಿಯನ್ನೂ ಅಷ್ಟೇ ಕಠಿಣವಾಗಿ ವಿಚಾರಿಸಬೇಡವೆ?

ಇದು ದೊಡ್ಡ ಪಂದ್ಯಗಳ ಮಾತೆಂದು ನಮ್ಮ ಪಟ್ಟಣದ ಮಹಾಶಯರು ಸುಮ್ಮನಿರಲಾಗದು. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆಂದು, ಸೈನ್ಯದ ಭರ್ತಿಗೆಂದು, ಕೋಳಿ ಕೂಗುವ ಹೊತ್ತಿಗೆ ತೋಟದ ದಾರಿಗಳಲ್ಲಿ ಓಡುವ ತರುಣರು ಈ ಮೂರು ತಾಲೂಕುಗಳಲ್ಲಿಯೂ ಉಂಟು. ಬೇಗ ಮೈ ಬರಬೇಕು, ನಿನ್ನೆಯ ನೋವು ಇಂದಿಗೆ ಇರಬಾರದು ಎಂಬ ಆತುರವು ಅವರದು. ಹೆಸರರಿಯದ ಪುಡಿಯ ಡಬ್ಬಿಯನ್ನು ‘ಎಲ್ಲರೂ ತೆಗೆದುಕೊಳ್ಳುತ್ತಾರೆ’ ಎಂಬ ಮಾತಿನೊಡನೆ ಮುಂದಿಡುವವರಿಗೆ ಈ ಆತುರವೇ ಬಂಡವಾಳ. ಪಟಿಯಾಲದ ಶಿಬಿರದಲ್ಲಿ ಕಲಿತ ಓಟಗಾರ್ತಿಯರೇ ಗುಳಿಗೆಯನ್ನು ವಿಚಾರಿಸದೆ ನುಂಗಿ ಕೆಟ್ಟಿರುವಾಗ, ಹಳ್ಳಿಯ ಹುಡುಗನ ಪಾಡೇನು? ಊಟ, ನಿದ್ರೆ, ವಿಶ್ರಾಂತಿ, ಕ್ರಮವಾದ ಅಭ್ಯಾಸ ಇವುಗಳಲ್ಲದೆ ಮೈಯ ಚೇತರಿಕೆಗೆ ಅಡ್ಡದಾರಿಯಿಲ್ಲವೆಂಬುದನ್ನು ವ್ಯಾಯಾಮ ಶಿಕ್ಷಕರೂ ವೈದ್ಯರೂ ತಂದೆತಾಯಿಗಳೂ ಅವರಿಗೆ ಬಿಡಿಸಿ ಹೇಳಬೇಕು. ಬರಗಾಲದಲ್ಲಿ ಹರಳು ಉದುರಿಸಿದ ತೆಂಗು ಮತ್ತೆ ತುಂಬುಗೊನೆ ಬಿಡಲು ಎರಡು ಮೂರು ವರ್ಷಗಳು ಬೇಕು. ಅಲ್ಲಿಯ ವರೆಗೆ ನೀರೆರೆದು ಕಾಯುವವನೇ ರೈತನು.

ಕಾಯುವ ಈ ಗುಣವನ್ನು ನಾವು ಮನುಷ್ಯರ ವಿಷಯದಲ್ಲಿಯೂ ತೋರಿಸತಕ್ಕದ್ದು. ಅಶ್ವಿನಿಯವರು ಶಿಕ್ಷೆಯ ಎರಡು ವರ್ಷಗಳನ್ನು ಪೂರೈಸಿ ಮತ್ತೆ ಓಟದ ಕಣಕ್ಕೆ ಇಳಿದರು. ಗೆದ್ದಾಗ ಓಡುವುದು ಸುಲಭ. ಪ್ರತಿ ಹೆಜ್ಜೆಯಲ್ಲಿಯೂ ಹಿಂದಿನಿಂದ ಪಿಸುಮಾತು ಕೇಳಿಬರುವಾಗ ಓಡುವುದಕ್ಕೆ ಬೇರೊಂದು ಬಗೆಯ ಎದೆಗಾರಿಕೆ ಬೇಕು. ತಪ್ಪನ್ನು ಮುಚ್ಚಬೇಕೆಂದು ನಾವು ಹೇಳುವುದಿಲ್ಲ; ಅದು ದಾಖಲೆಯಲ್ಲಿದೆ, ಇರಲೂ ಬೇಕು. ಆದರೆ ನ್ಯಾಯಾಲಯವು ಎರಡು ವರ್ಷವೆಂದು ಹೇಳಿದ ಶಿಕ್ಷೆಯನ್ನು ಆಜೀವವೆಂದು ತಿದ್ದಲು ಜಗಲಿಯ ಮೇಲೆ ಕುಳಿತ ನಮಗೆ ಅಧಿಕಾರವಿಲ್ಲ. ದೇಹವು ತಾನಾಗಿಯೇ ಚೇತರಿಸಿಕೊಂಡೀತು. ಮಾನದ ಚೇತರಿಕೆಗೆ ಮಾತ್ರ ನೆರೆಹೊರೆಯವರ ಸಹಾಯ ಬೇಕು. ಅದನ್ನು ಕೊಡುವುದೂ ಕೊಡದಿರುವುದೂ ನಮ್ಮ ನಾಲಗೆಯಲ್ಲಿಯೇ ಇರುವುದು.