ಚಿನ್ನದ ನಾಡಿಗೆ ಬೇಕು ತಗಡಿನ ಪಾಠ

ಕೋಲಾರವೆಂದೊಡನೆ ಹೊರಗಿನವರಿಗೆ ಇಂದಿಗೂ ನೆನಪಾಗುವುದು ಚಿನ್ನ. ಲೋಹಗಳಲ್ಲೆಲ್ಲ ಅತ್ಯಂತ ಸುಲಭವಾಗಿ ತಟ್ಟಿಸಿಕೊಳ್ಳುವ ಲೋಹವದು. ಒಂದು ಗ್ರಾಂ ಚಿನ್ನವನ್ನು ಸುಮಾರು ಒಂದು ಚದರ ಮೀಟರ್ ಹಾಳೆಯಾಗಿ ಹಿಗ್ಗಿಸಬಹುದು. 1880ರ ದಶಕದಿಂದ 2001ರ ಫೆಬ್ರುವರಿ 28ರವರೆಗೆ ಇಲ್ಲಿನ ಗಣಿಗಳು ಸುಮಾರು 800 ಟನ್ ಚಿನ್ನ ನೀಡಿದವು. ಬಳಿಕ ಜಿಲ್ಲೆಗೆ ಉಳಿದದ್ದು ಸಯನೈಡ್ ದಿಬ್ಬಗಳು. ಲೋಹ ಹೊರಟುಹೋಗುತ್ತದೆ, ಅದನ್ನು ಪಳಗಿಸುವ ಕೌಶಲ ಊರಿನಲ್ಲಿ ಉಳಿಯಬಲ್ಲದು ಎಂಬ ಅರ್ಥಶಾಸ್ತ್ರದ ಸರಳ ಪಾಠವನ್ನು ನಾವು ಕಲಿಯಲಿಲ್ಲ.

ಕೌಶಲಕ್ಕೆ ಇಲ್ಲಿ ಬರವಿರಲಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಇಂದಿಗೂ ಹೆಸರುವಾಸಿಗಳು. ಆದರೆ ಮುಳಬಾಗಿಲು, ಶ್ರೀನಿವಾಸಪುರದಂತಹ ಪೇಟೆಗಳಲ್ಲಿ ಎಣ್ಣೆಡಬ್ಬಿಯನ್ನು ಬಿಡಿಸಿ ಸೀಮೆಎಣ್ಣೆ ಬುಡ್ಡಿ, ಲಾಳಿಕೆ, ಮೊರ ಮಾಡಿಕೊಡುತ್ತಿದ್ದ ತಗಡಿನ ಕೆಲಸದವರು ಪ್ಲಾಸ್ಟಿಕ್ ಬಂದ ಮೇಲೆ ಅಪರೂಪವಾಗಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರ, ಅಕ್ಕಸಾಲಿ, ಬೀಗ ತಯಾರಕರಿದ್ದಾರೆ. ತಗಡಿನ ಕೆಲಸಕ್ಕೆ ಪ್ರತ್ಯೇಕ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ್ದು ಕಡತದ ಕಣ್ಣಿಗೆ ಬೀಳುವುದಿಲ್ಲವೆಂಬುದನ್ನು ಸರ್ಕಾರಿ ಸೇವೆಯಲ್ಲಿ ದೀರ್ಘಕಾಲ ಕಳೆದ ನಾನು ಬಲ್ಲೆ.

ನಿವೃತ್ತಿಯ ಬಳಿಕ ನಾನು ಮನೆಯಲ್ಲಿ ಹವ್ಯಾಸಕ್ಕಾಗಿ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ತೆಳು ತಗಡುಗಳನ್ನು ಕತ್ತರಿಸಿ ದೀಪದ ಮರೆ, ಎಲೆ, ಹೂವು, ತೋರಣಗಳನ್ನು ಮಾಡುತ್ತೇನೆ. ಇದಕ್ಕೆ ಬೇಕಾದ ಬಂಡವಾಳ ಅಲ್ಪ: ತಗಡು ಕತ್ತರಿ, ಅರ, ಮರದ ಹಲಗೆ, ಗೀರುಮೊಳೆ. ಕಾಗದದಷ್ಟು ತೆಳುವಾದ ತಗಡಿಗೆ ಮನೆಯ ಹಳೆಯ ಕತ್ತರಿಯೇ ಸಾಕು. ಕತ್ತರಿಯ ಬಾಯಿಯನ್ನು ಪ್ರತಿ ಬಾರಿಯೂ ಪೂರ್ತಿ ಮುಚ್ಚಬಾರದು. ಮುಚ್ಚಿದರೆ ತುದಿ ಕಚ್ಚಿದಲ್ಲಿ ಅಂಚು ಹರಿಯುತ್ತದೆ. ತಿರುವು ಬಂದಾಗ ಕತ್ತರಿಗಿಂತ ತಗಡನ್ನೇ ತಿರುಗಿಸುವುದು ಲೇಸು. ನೇರ ಗೆರೆಯಾದರೆ ಅಲ್ಯೂಮಿನಿಯಂ ತಗಡನ್ನು ಪಟ್ಟಿಯ ಆಸರೆಯಲ್ಲಿ ಚಾಕುವಿನಿಂದ ಹಲವು ಬಾರಿ ಗೀರಿ, ಹಿಂದೆ ಮುಂದೆ ಬಾಗಿಸಿದರೆ ಮುರಿದುಕೊಳ್ಳುತ್ತದೆ. ತಟ್ಟಿ ಗಡುಸಾದ ತಾಮ್ರವನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆದುವಾಗುತ್ತದೆ. ಲೋಹದ ಒಳರಚನೆ ಬದಲಾಗುವ ಭೌತಶಾಸ್ತ್ರದ ಈ ಪಾಠ ಬೆರಳ ತುದಿಗೇ ತಿಳಿಯುತ್ತದೆ.

ಎಚ್ಚರಿಕೆಯೂ ಬೇಕು. ಕತ್ತರಿಸಿದ ಅಂಚು ಬ್ಲೇಡಿನಂತಿರುತ್ತದೆ. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಅಂಚನ್ನು ಅರದಿಂದ ಉಜ್ಜದೆ ಮಕ್ಕಳ ಕೈಗೆ ಕೊಡಬಾರದು. ಉದುರಿದ ಚೂರುಗಳನ್ನು ಬರಿಗೈಯಲ್ಲಿ ಬಾಚದೆ ಕುಂಚದಿಂದ ಗುಡಿಸಬೇಕು. ಹಳೆಯ ಬಣ್ಣ ಬಳಿದ ಡಬ್ಬಿಯಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ಉಜ್ಜದಿರುವುದೇ ಕ್ಷೇಮ. ಕಾಯಿಸುವ ಕೆಲಸ ಹಿರಿಯರದೇ ಆಗಿರಲಿ.

ಕೈಕೆಲಸವನ್ನು ಕಲಿಕೆಯ ಮಧ್ಯಕ್ಕೆ ತರಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಲೆಂದಿತು. ಆ ನೀತಿಯ ಕುರಿತು ರಾಜ್ಯದ ನಿಲುವು ಏನೇ ಇರಲಿ, ಈ ಒಂದು ಸಲಹೆಗೆ ರಾಜಕೀಯದ ಬಣ್ಣವಿಲ್ಲ. ಜಿಲ್ಲೆಯ ಶಾಲೆಗಳು ಉಳಿದಿರುವ ವೃದ್ಧ ತಗಡಿನ ಕೆಲಸದವರನ್ನು ಗೌರವಧನ ಕೊಟ್ಟು ಗುರುಗಳನ್ನಾಗಿ ಕರೆಯಲಿ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ, ಅವರೊಂದಿಗೇ ಮುಗಿದುಹೋಗುವಂಥದು. ಗಣಿ ಮುಚ್ಚಿದಾಗ ನಾವು ನಿಸ್ಸಹಾಯಕರಾಗಿದ್ದೆವು. ಈ ನಷ್ಟವನ್ನು ತಡೆಯಲು ಬೇಕಾದದ್ದು ಒಂದು ಸುತ್ತೋಲೆ, ಒಂದಿಷ್ಟು ತಗಡು, ಕೆಲವು ಕತ್ತರಿಗಳು.