ಕಾರ್ಖಾನೆಗೊಂದು ಪಂಚಾಂಗ

ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ ಇರುವ ಒಂದು ಸಣ್ಣ ಪಂಪ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ತಿಂಗಳ ಕೊನೆ. ನೂರು ಪಂಪುಗಳ ಆರ್ಡರ್ ಲಾರಿ ಹತ್ತಬೇಕು. ಮೋಟಾರು ಬಂದಿದೆ, ಪಂಪಿನ ಹೊರಮೈಗೆ ಬಣ್ಣ ಬಳಿದಾಗಿದೆ, ಕೆಲಸಗಾರರು ಕಾದು ಕೂತಿದ್ದಾರೆ. ಬೇರಿಂಗ್ ಮಾತ್ರ ಇಲ್ಲ. ಅದೇ ಸ್ಟೋರಿನ ಹಿಂದಿನ ರ‍್ಯಾಕಿನಲ್ಲಿ ಇನ್ಯಾವುದೋ ಮಾಡೆಲಿನ ಕ್ಯಾಸ್ಟಿಂಗು ಆರು ತಿಂಗಳಿಗೆ ಸಾಲುವಷ್ಟು ಬಿದ್ದಿದೆ. ಅದನ್ನು ಕೊಂಡ ಹಣಕ್ಕೆ ಬ್ಯಾಂಕಿನ ಬಡ್ಡಿ ದಿನವೂ ಏರುತ್ತಿದೆ.

ಒಂದೇ ಸೂರಿನಡಿ ಒಂದು ಕಡೆ ಕೊರತೆ, ಇನ್ನೊಂದು ಕಡೆ ರಾಶಿ. ಮಾಲೀಕರು ಸೋಮಾರಿಗಳೆಂದು ಹೀಗಾಗುವುದಿಲ್ಲ. ನೂರಾರು ಬಿಡಿಭಾಗ, ಹತ್ತಾರು ಮಷೀನು, ದಿನಕ್ಕೊಂದು ಬದಲಾವಣೆ. ಇದನ್ನೆಲ್ಲ ಒಬ್ಬರ ತಲೆ ಹಿಡಿದಿಟ್ಟುಕೊಳ್ಳಲಾರದು. ಯಾವ ಸಾಮಾನು, ಎಷ್ಟು, ಯಾವ ದಿನಕ್ಕೆ, ಯಾವ ಮಷೀನಿನಲ್ಲಿ ಎಂದು ಕಾರ್ಖಾನೆಗೊಂದು ಪಂಚಾಂಗ ಬರೆದುಕೊಡುವುದೇ ಉತ್ಪಾದನಾ ಯೋಜನೆಯ ಸಾಫ್ಟ್‌ವೇರ್‌ಗಳ ಕೆಲಸ.

ಈ ಲೆಕ್ಕಾಚಾರ ಕಂಪ್ಯೂಟರಿಗಿಂತ ಹಳೆಯದು. ಒಂದು ಸಲಕ್ಕೆ ಎಷ್ಟು ಮಾಲು ತಯಾರಿಸಿದರೆ ಒಟ್ಟು ಖರ್ಚು ಕಡಿಮೆ ಎನ್ನುವುದಕ್ಕೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರ ಕೊಟ್ಟಿದ್ದ. ಅದರ ಜೊತೆಗೆ ಇನ್ನೊಂದು ರೂಢಿಯೂ ಬೆಳೆಯಿತು: ಡಬ್ಬಿಯಲ್ಲಿನ ಬೋಲ್ಟು ಇಂತಿಷ್ಟಕ್ಕಿಂತ ಕೆಳಗಿಳಿದರೆ ಹೊಸದಕ್ಕೆ ಆರ್ಡರ್ ಹಾಕುವುದು. ಕಿರಾಣಿ ಅಂಗಡಿಗೆ ಈ ರೂಢಿ ಸಾಕು. ಕಾರ್ಖಾನೆಗೆ ಸಾಲದು ಎಂದು ಸ್ಪಷ್ಟವಾಗಿ ಕಂಡವನು ಜೋಸೆಫ್ ಓರ್ಲಿಕಿ. ವಿಸ್ಕಾನ್ಸಿನ್‌ನ ರೆಸೀನ್ ಪಟ್ಟಣದಲ್ಲಿ ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಜೆ. ಐ. ಕೇಸ್ ಕಂಪನಿಯಲ್ಲಿ 1960ರ ದಶಕದ ಆರಂಭದಲ್ಲಿ ಆತ ಈ ಕೆಲಸಕ್ಕೆ ಕಂಪ್ಯೂಟರ್ ಹಚ್ಚಿದ. ಗಿರಾಕಿಗಳು ಎಷ್ಟು ಟ್ರ್ಯಾಕ್ಟರ್ ಕೊಳ್ಳುತ್ತಾರೆಂಬುದನ್ನು ಅಂದಾಜಿಸಬೇಕು, ನಿಜ. ಆದರೆ ಟ್ರ್ಯಾಕ್ಟರುಗಳ ಸಂಖ್ಯೆ ಗೊತ್ತಾದ ಮೇಲೆ ಗಾಲಿಗಳ ಸಂಖ್ಯೆಯನ್ನು ಯಾಕೆ ಅಂದಾಜಿಸಬೇಕು? ಗುಣಿಸಿದರಾಯಿತು. ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಚಿಕ್ಕದಾಗಿ ಎಂಆರ್‌ಪಿ, ಎಂಬ ಪದ್ಧತಿಯ ತಿರುಳು ಇಷ್ಟೇ. ಓರ್ಲಿಕಿಯ ಪುಸ್ತಕ 1975ರಲ್ಲಿ ಬಂತು. ಇಡೀ ಕಂಪನಿಯ ವ್ಯವಹಾರ ನೋಡಿಕೊಳ್ಳುವ ಇಂದಿನ ಇಆರ್‌ಪಿ ತಂತ್ರಾಂಶಗಳ ಉತ್ಪಾದನಾ ಭಾಗ ಈಗಲೂ ಇದೇ ತಳಹದಿಯ ಮೇಲೆ ನಿಂತಿದೆ.

ನಮ್ಮ ಪಂಪಿನ ಲೆಕ್ಕವನ್ನೇ ಬಿಡಿಸಿ ನೋಡೋಣ. ನೂರು ಪಂಪು 30ನೇ ತಾರೀಖಿಗೆ ಹೋಗಬೇಕು. ತಯಾರಾಗಿರುವುದು 20, ಹಾಗಾಗಿ ಹೊಸದಾಗಿ ಜೋಡಿಸಬೇಕಾದದ್ದು 80. ಪಂಪಿಗೆ ಎರಡರಂತೆ 160 ಬೇರಿಂಗ್ ಬೇಕು. ಸ್ಟೋರಿನಲ್ಲಿ 50 ಇವೆ, ಇನ್ನು 110 ತರಿಸಬೇಕು. ಜೋಡಣೆಗೂ ಟೆಸ್ಟಿಂಗಿಗೂ ಸೇರಿ ಐದು ದಿನ. ಅಂದರೆ ಬಿಡಿಭಾಗಗಳೆಲ್ಲ 25ಕ್ಕೆ ಕೈಯಲ್ಲಿರಬೇಕು. ನೀರನ್ನು ತಳ್ಳುವ ಚಕ್ರ, ಇಂಪೆಲ್ಲರ್, 80 ಬೇಕು. ಸ್ಟಾಕಿನಲ್ಲಿ 30 ಇದೆ, ಉಳಿದ 50ನ್ನು ಮಷೀನಿಗೆ ಹಾಕಬೇಕು. ಆ ಕೆಲಸಕ್ಕೆ ನಾಲ್ಕು ದಿನ, ಆದ್ದರಿಂದ ಕ್ಯಾಸ್ಟಿಂಗು 21ಕ್ಕೆ ಬಂದಿರಬೇಕು. ಫೌಂಡ್ರಿಯವರು ಎರಕ ಹೊಯ್ದು ಕಳಿಸಲು 12 ದಿನ ಬೇಕೆನ್ನುತ್ತಾರೆ. ಹಾಗಾದರೆ ಆರ್ಡರ್ 9ನೇ ತಾರೀಖಿಗೇ ಹೋಗಿರಬೇಕಿತ್ತು. ಇಂದು 12 ಆಗಿದ್ದರೆ ಸಾಫ್ಟ್‌ವೇರ್ ಆ ಸಾಲನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಇನ್ನೂ ಹದಿನೆಂಟು ದಿನ ಇರುವಾಗಲೇ ಮೂರು ದಿನದ ತೊಂದರೆ ಕಣ್ಣಿಗೆ ಬೀಳುತ್ತದೆ. ಗಿರಾಕಿಗೆ ಫೋನ್ ಮಾಡಿ ಎರಡು ಕಂತಿನಲ್ಲಿ ಕಳಿಸುತ್ತೇವೆನ್ನಲು, ಬೇರೆ ಫೌಂಡ್ರಿ ವಿಚಾರಿಸಲು ಇನ್ನೂ ಸಮಯವಿದೆ. 29ರ ರಾತ್ರಿ ಗೊತ್ತಾದರೆ ಯಾವುದೂ ಉಳಿದಿರುವುದಿಲ್ಲ.

ಸಾಮಾನಿನ ಲೆಕ್ಕ ಹೀಗೆ ಮುಗಿದರೂ ಮಷೀನಿನ ಲೆಕ್ಕ ಬಾಕಿ ಇರುತ್ತದೆ. ಎಂಆರ್‌ಪಿ ನಾಲ್ಕು ದಿನ ಎಂದು ಬರೆದುಕೊಂಡಿತು, ಆದರೆ ಆ ನಾಲ್ಕು ದಿನವೂ ಲೇತ್ ಮುಂದೆ ಬೇರೆ ಆರ್ಡರುಗಳು ಸಾಲು ನಿಂತಿದ್ದರೆ? ಇಲ್ಲಿಂದ ಮುಂದೆ ಶೆಡ್ಯೂಲಿಂಗ್. ಯಾವ ಕೆಲಸ ಮೊದಲು ಎಂಬ ಒಂದೇ ಪ್ರಶ್ನೆಯಲ್ಲಿ ಎಷ್ಟು ಗಂಟೆ ಅಡಗಿದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ನೋಡಿ. ಎರಡು ಜಾಬ್, ಎರಡು ಮಷೀನು. ಎರಡೂ ಜಾಬ್ ಮೊದಲು ಲೇತ್‌ಗೆ, ಆಮೇಲೆ ಗ್ರೈಂಡಿಂಗ್‌ಗೆ ಹೋಗಬೇಕು. ಮೊದಲನೆಯದಕ್ಕೆ ಲೇತ್‌ನಲ್ಲಿ ಐದು ಗಂಟೆ, ಗ್ರೈಂಡಿಂಗ್‌ನಲ್ಲಿ ಒಂದು. ಎರಡನೆಯದಕ್ಕೆ ಲೇತ್‌ನಲ್ಲಿ ಒಂದು, ಗ್ರೈಂಡಿಂಗ್‌ನಲ್ಲಿ ಐದು. ಮೊದಲನೆಯದನ್ನೇ ಮೊದಲು ಹಾಕಿದರೆ ಗ್ರೈಂಡಿಂಗ್ ಮಷೀನು ಐದು ಗಂಟೆ ಖಾಲಿ ನಿಲ್ಲುತ್ತದೆ, ಎಲ್ಲ ಮುಗಿಯಲು 11 ಗಂಟೆ. ಎರಡನೆಯದನ್ನು ಮೊದಲು ಹಾಕಿದರೆ ಏಳೇ ಗಂಟೆ. ಹೊಸ ಮಷೀನಿಲ್ಲ, ಓಟಿ ಇಲ್ಲ. ಸರದಿ ಬದಲಿಸಿದ್ದಕ್ಕೇ ನಾಲ್ಕು ಗಂಟೆ ಉಳಿಯಿತು. ಎರಡು ಮಷೀನುಗಳಿಗೆ ಅತ್ಯುತ್ತಮ ಸರದಿ ಕಂಡುಹಿಡಿಯುವ ಸರಳ ನಿಯಮವನ್ನು ಸೆಲ್ಮರ್ ಜಾನ್ಸನ್ 1954ರಲ್ಲಿ ಪ್ರಕಟಿಸಿದ.

ಮಷೀನು ಹೆಚ್ಚಿದಂತೆ ಸಮಸ್ಯೆ ಕೈಮೀರುತ್ತದೆ. ಹತ್ತು ಜಾಬ್‌ಗಳನ್ನು ಒಂದು ಮಷೀನಿನ ಮುಂದೆ ನಿಲ್ಲಿಸಲು 36,28,800 ವಿಧಗಳಿವೆ. ಹತ್ತು ಜಾಬ್, ಹತ್ತು ಮಷೀನಿನ ಒಂದು ಲೆಕ್ಕ 1963ರಲ್ಲಿ ಒಂದು ಪುಸ್ತಕದಲ್ಲಿ ಅಚ್ಚಾಯಿತು. ಅದಕ್ಕೆ ಸಿಕ್ಕ ಉತ್ತರಕ್ಕಿಂತ ಉತ್ತಮವಾದದ್ದು ಇನ್ನಿಲ್ಲ ಎಂದು ಕಾರ್ಲಿಯೆ ಮತ್ತು ಪಿನ್ಸೋ ಎಂಬ ಫ್ರೆಂಚ್ ಸಂಶೋಧಕರು ಸಾಬೀತು ಮಾಡಿದ್ದು 1989ರಲ್ಲಿ, ಇಪ್ಪತ್ತಾರು ವರ್ಷಗಳ ಮೇಲೆ! ಹಾಗಾಗಿ ಮಾರುಕಟ್ಟೆಯ ಶೆಡ್ಯೂಲಿಂಗ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಪರಿಪೂರ್ಣ ಉತ್ತರಕ್ಕಾಗಿ ಕಾಯುವುದಿಲ್ಲ. ಕೆಲವು ನಿಮಿಷಗಳಲ್ಲಿ ಒಂದು ಒಳ್ಳೆಯ ಉತ್ತರ ಹುಡುಕಿ, ಮಷೀನಿಗೊಂದು ಸಾಲು, ಜಾಬ್‌ಗೊಂದು ಬಣ್ಣದ ಪಟ್ಟಿ ಹಾಕಿ ತೋರಿಸುತ್ತವೆ. ನೂರು ವರ್ಷದ ಹಿಂದೆ ಹೆನ್ರಿ ಗ್ಯಾಂಟ್ ಪ್ರಚಾರಕ್ಕೆ ತಂದ ಚಾರ್ಟಿನ ವಂಶವೇ ಅದು.

ಇಷ್ಟು ಬುದ್ಧಿಯ ಯಂತ್ರವೂ ತನಗೆ ಹೇಳಿದ್ದನ್ನಷ್ಟೇ ನಂಬುತ್ತದೆ. ಸ್ಟಾಕಿನಲ್ಲಿ 30 ಇಂಪೆಲ್ಲರ್ ಇದೆ ಎಂದೆವಲ್ಲ, ಅದರಲ್ಲಿ 12 ಬಿರುಕು ಬಿಟ್ಟು ರಿಜೆಕ್ಟ್ ಆಗಿದ್ದು, ಅದನ್ನು ಯಾರೂ ದಾಖಲಿಸದಿದ್ದರೆ ಮೇಲಿನ ಇಡೀ ಲೆಕ್ಕ ಸುಳ್ಳಾಗುತ್ತದೆ. ದೊಡ್ಡ ಕಂಪನಿಗಳಿಗೂ ಈ ಪೆಟ್ಟು ಬಿದ್ದಿದೆ. ಚಾಕೊಲೇಟಿಗೆ ಹೆಸರಾದ ಅಮೆರಿಕದ ಹರ್ಷೀಸ್ 1999ರ ಬೇಸಿಗೆಯಲ್ಲಿ, ಹ್ಯಾಲೊವೀನ್ ಹಬ್ಬದ ವ್ಯಾಪಾರ ಎದುರಿಗಿರುವಾಗಲೇ, 11.2 ಕೋಟಿ ಡಾಲರ್ ಖರ್ಚಿನ ಹೊಸ ವ್ಯವಸ್ಥೆಗೆ ಬದಲಾಯಿತು. ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರುಗಳು ಅಂಗಡಿ ಮುಟ್ಟಲಿಲ್ಲ. ಮಾಲಿಗೆ ಬರವಿರಲಿಲ್ಲ. ಹಬ್ಬದ ಹೊತ್ತಿಗೆ ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ಮಾಲು ಪೇರಿಸಿಡುತ್ತಿದ್ದ ಜಾಗಗಳು ಹೊಸ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ ಎಂಬುದು ಆಮೇಲೆ ವರದಿಯಾದ ಕಾರಣಗಳಲ್ಲಿ ಒಂದು. 2001ರಲ್ಲಿ ನೈಕಿಯ ಸರದಿ. ಬೇಡಿಕೆ ಅಂದಾಜಿಸುವ ತಂತ್ರಾಂಶದ ಅಳವಡಿಕೆ ಎಡವಿ, ಓಡದ ಶೂ ಹೆಚ್ಚಾಗಿ, ಓಡುವ ಶೂ ಕಡಿಮೆಯಾಗಿ ತಯಾರಾದವು. ಸುಮಾರು 10 ಕೋಟಿ ಡಾಲರ್ ವ್ಯಾಪಾರ ಕೈತಪ್ಪಿತು.

ಲೆಕ್ಕ ಹೀಗೆ ತಪ್ಪಬಹುದಾದರೆ ಕೈಯಲ್ಲಿ ಸ್ಟಾಕ್ ಎಷ್ಟಿರಬೇಕು? ಜಪಾನಿನ ಟೊಯೋಟಾದಲ್ಲಿ ತಾಯಿಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಯಲ್ಲಿ ಬಿಡಿಭಾಗದ ಡಬ್ಬಿಯ ಜೊತೆ ಒಂದು ಚೀಟಿ ಇರುತ್ತದೆ. ಡಬ್ಬಿ ಬಳಕೆಯಾದಾಗ ಆ ಚೀಟಿ ಹಿಂದಿನ ಹಂತಕ್ಕೆ ಹೋಗುತ್ತದೆ. ಅದು ಬಂದರೆ ಮಾತ್ರ ಅಲ್ಲಿ ಮತ್ತೆ ತಯಾರಿ. ಸ್ಟಾಕ್ ಅತ್ಯಲ್ಪ. ಇದರ ಅಪಾಯ 1997ರ ಫೆಬ್ರವರಿ 1ರಂದು ಕಂಡಿತು. ಬ್ರೇಕಿನ ಒಂದು ಚಿಕ್ಕ ವಾಲ್ವ್ ಪೂರೈಸುತ್ತಿದ್ದ ಐಸಿನ್ ಕಂಪನಿಯ ಕಾರಿಯಾ ಘಟಕಕ್ಕೆ ಬೆಂಕಿ ಬಿದ್ದು, ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ನಿಂತವು. ಜಪಾನಿನ 2011ರ ಭೂಕಂಪದ ನಂತರ ಟೊಯೋಟಾ ತನ್ನ ನಿಯಮ ಸಡಿಲಿಸಿ, ಚಿಪ್‌ನಂಥ ನಿಧಾನಕ್ಕೆ ಸಿಗುವ ಭಾಗಗಳನ್ನು ತಿಂಗಳುಗಟ್ಟಲೆ ದಾಸ್ತಾನಿಡುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಸಿಗದೆ ಬೇರೆ ಕಾರು ಕಂಪನಿಗಳು ಅಸೆಂಬ್ಲಿ ಲೈನ್ ನಿಲ್ಲಿಸುತ್ತಿದ್ದಾಗ ಟೊಯೋಟಾ ಅವರಿಗಿಂತ ಹೆಚ್ಚು ಕಾಲ ತಾಳಿಕೊಂಡಿತು. ಪಕ್ಕದ ಬೀದಿಯಲ್ಲಿ ಸಿಗುವ ಬೋಲ್ಟಿಗೂ ಹಡಗಿನಲ್ಲಿ ಬರುವ ಬೇರಿಂಗಿಗೂ ಒಂದೇ ನಿಯಮ ಸಲ್ಲದು ಎಂಬುದು ಅದರಿಂದ ಸ್ಪಷ್ಟ.

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ಟ್ಯಾಲಿ, ಎಕ್ಸೆಲ್ ಮತ್ತು ಗೋಡೆಯ ಮೇಲಿನ ಬಿಳಿ ಬೋರ್ಡೇ ಆಧಾರ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಯಾವ ಸಾಫ್ಟ್‌ವೇರ್ ಕೊಂಡರೂ ಮೊದಲು ಆಗಬೇಕಾದ ಕೆಲಸ ಮೂರು. ಒಂದು ಪಂಪಿಗೆ ಏನೇನು, ಎಷ್ಟೆಷ್ಟು ಎಂಬ ಪಟ್ಟಿ ವಾಷರ್ ತನಕ ಸರಿಯಾಗಿರಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ಕೆಲವು ಐಟಂಗಳನ್ನು ಎಣಿಸಿ ದಾಖಲೆಯೊಂದಿಗೆ ತಾಳೆ ನೋಡಬೇಕು, ದುಬಾರಿ ಐಟಂಗಳನ್ನು ಹೆಚ್ಚು ಸಲ. ಫೌಂಡ್ರಿಯವರು ಬಾಯಿಮಾತಿನಲ್ಲಿ ಹೇಳಿದ ದಿನಗಳನ್ನಲ್ಲ, ಹಿಂದಿನ ಬಿಲ್ಲುಗಳಲ್ಲಿ ಕಂಡ ದಿನಗಳನ್ನು ತುಂಬಬೇಕು.

ಈ ಮೂರೂ ಇರುವುದು ಸ್ಟೋರ್ ಕೀಪರ್, ಸೂಪರ್‌ವೈಸರ್ ಮತ್ತು ಆಪರೇಟರ್‌ಗಳ ಕೈಯಲ್ಲಿ. ಹಳೆಯ ಲೇತ್ ಮಧ್ಯಾಹ್ನದ ಬಿಸಿಗೆ ಅಳತೆ ತಪ್ಪುತ್ತದೆಂದು, ಒಂದು ಸೆಟ್ಟಿಂಗ್ ಬದಲಿಸಲು ನಿಜಕ್ಕೂ ಎರಡು ಗಂಟೆ ಬೇಕೆಂದು ಬಲ್ಲವರು ಅವರೇ. ತರಬೇತಿಗೆ ಆಫೀಸಿನವರನ್ನು ಮಾತ್ರ ಕೂರಿಸುವ ಕಾರ್ಖಾನೆಯಲ್ಲಿ ಈ ತಿಳಿವಳಿಕೆ ಕಂಪ್ಯೂಟರಿನ ಹೊರಗೇ ಉಳಿಯುತ್ತದೆ. ಮಷೀನು ನಿಂತದ್ದನ್ನು ದಾಖಲಿಸಿದ ಆಪರೇಟರ್‌ಗೆ ಬೈಗುಳ ಸಿಕ್ಕರೆ ಮರುದಿನದಿಂದ ಆ ಮಷೀನು ಪರದೆಯ ಮೇಲೆ ನಿಲ್ಲುವುದೇ ಇಲ್ಲ, ಶೆಡ್ಯೂಲ್ ಮಾತ್ರ ದಿನವೂ ತಪ್ಪುತ್ತದೆ. ಬೈಗುಳದ ಬದಲು ಹತ್ತು ನಿಮಿಷದಲ್ಲಿ ಮೆಕ್ಯಾನಿಕ್ ಬಂದರೆ, ಮುಂದಿನ ಸಲ ಆಪರೇಟರ್ ಯಾರೂ ಕೇಳದೆಯೇ ದಾಖಲಿಸುತ್ತಾನೆ, ಸಾಫ್ಟ್‌ವೇರ್ ಅವನ ಜಾಬನ್ನು ಪಕ್ಕದ ಮಷೀನಿಗೆ ಕೂಡಲೇ ವರ್ಗಾಯಿಸುತ್ತದೆ.